ಚಾ ರುಚಿ ನೋಡುವ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪರಿಮಳ ಸೇರಿಸಿದ ಚಹಾಪುಡಿಗಳನ್ನು ಮನೆಯಲ್ಲೇ ಹೋಲಿಸಿ ನೋಡುವ ಬಗ್ಗೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಏಲಕ್ಕಿ, ಶುಂಠಿ, ಮಸಾಲಾ, ತುಳಸಿ ಎಂದು ನಾಲ್ಕು ನಮೂನೆಯ ಚಾಪುಡಿ ತಂದಿದ್ದೇವೆ. ದಿನಕ್ಕೊಂದರಂತೆ ಮಾಡಿ ಕುಡಿದೆವು. ಅತ್ತೆಯವರಿಗೆ ಒಂದು ಸೇರಿದರೆ ಮಕ್ಕಳಿಗೆ ಇನ್ನೊಂದು. ನಿನ್ನೆ ಚೆನ್ನಾಗಿದೆ ಅಂದವರೇ ಇವತ್ತು ಅದೇ ಪುಡಿ ಬೇಡ ಅನ್ನುತ್ತಾರೆ. ಸರಿಯಾಗಿ ಹೋಲಿಸುವುದು ಹೇಗೆ?
(ಓದುಗರು, ಕಾರವಾರ)

ಉತ್ತರ: ದಿನಕ್ಕೊಂದು ಕುಡಿದರೆ ಹೋಲಿಕೆ ಆಗುವುದಿಲ್ಲ. ನಿನ್ನೆ ಹಾಲು ಗಟ್ಟಿ ಇತ್ತು, ಇವತ್ತು ನೀರು ಎರಡು ನಿಮಿಷ ಹೆಚ್ಚು ಕುದಿಯಿತು, ಸಕ್ಕರೆ ಕೈಯಳತೆಯಲ್ಲಿ ಬಿತ್ತು. ಇಷ್ಟೆಲ್ಲ ಬದಲಾದ ಮೇಲೆ ರುಚಿ ಬದಲಾಗಿದ್ದು ಪುಡಿಯಿಂದ ಎಂದು ಹೇಳುವುದು ಹೇಗೆ? ನಾಲ್ಕನ್ನೂ ಒಂದೇ ಹೊತ್ತಿಗೆ, ಒಂದೇ ನೀರಿನಲ್ಲಿ, ಒಂದೇ ತೂಕದಲ್ಲಿ ಮಾಡಿ ಸಾಲಾಗಿ ಇಡಬೇಕು. ಜೊತೆಗೆ ಐದನೆಯದಾಗಿ ಪರಿಮಳ ಸೇರಿಸದ ಸಾದಾ ಪುಡಿಯೂ ಇರಲಿ. ಅದನ್ನು ಬಿಟ್ಟರೆ ನೀವು ಏಲಕ್ಕಿಯನ್ನು ಹೊಗಳುತ್ತಿದ್ದೀರೋ ಚಾವನ್ನೋ ತಿಳಿಯುವುದಿಲ್ಲ. ಖಾರದ ಮಸಾಲೆಯ ಹಿಂದೆ ಸಪ್ಪೆ ಪುಡಿ ಸುಲಭವಾಗಿ ಅಡಗಿಕೊಳ್ಳುತ್ತದೆ.

ಅಳತೆಗೆ ಅಂತರರಾಷ್ಟ್ರೀಯ ಕ್ರಮವೊಂದಿದೆ. 1980ರಲ್ಲಿ ಮೊದಲು ಬಂದು 2019ರಲ್ಲಿ ಪರಿಷ್ಕರಣೆಯಾದ ಐಎಸ್‌ಒ 3103. ಅದರ ಪ್ರಕಾರ 100 ಮಿ.ಲೀ. ಕುದಿಯುವ ನೀರಿಗೆ 2 ಗ್ರಾಂ ಪುಡಿ, ಮುಚ್ಚಿಟ್ಟು 6 ನಿಮಿಷ. ಹೀಗೆ ಮಾಡಿದ ಚಾ ಕುಡಿಯಲು ಹಿತವಾಗಿರುವುದಿಲ್ಲ. ಒಗರು ಹೆಚ್ಚು, ಕಹಿಯೂ ಇರುತ್ತದೆ. ಕುಡಿದು ಸುಖಪಡಲಿಕ್ಕೆಂದು ಮಾಡಿದ ಕ್ರಮವೂ ಅದಲ್ಲ. ಪುಡಿಯ ಗುಣದೋಷ ಎರಡೂ ಎದ್ದು ಕಾಣಲಿ ಎಂದು ಮಾಡಿದ್ದು. ಮನೆಯಲ್ಲಿ ಒಂದೊಂದಕ್ಕೆ 3 ಗ್ರಾಂ ಪುಡಿ, 150 ಮಿ.ಲೀ. ನೀರು ಎಂದಿಟ್ಟುಕೊಳ್ಳಿ. ಸ್ಟೀಲ್ ಲೋಟ, ಮೇಲೆ ತಟ್ಟೆ ಮುಚ್ಚಿದರೆ ಸಾಕು. ಲೋಟಗಳನ್ನು ಮೊದಲು ಬಿಸಿನೀರಲ್ಲಿ ತೊಳೆದು ಬೆಚ್ಚಗೆ ಮಾಡಿ. ತಣ್ಣಗಿನ ಲೋಟ ನೀರಿನ ಬಿಸಿಯನ್ನು ನುಂಗುತ್ತದೆ. ನೀರು ಹೊಯ್ದ ಸರದಿಯಲ್ಲೇ ಸೋಸಿ. ಐದು ಲೋಟಕ್ಕೆ ಹೊಯ್ಯಲು ಒಂದು ನಿಮಿಷ ಹಿಡಿದರೆ ಸೋಸುವಾಗಲೂ ಅಷ್ಟೇ ಅಂತರ ಇರಲಿ. ಸೋಸಿದ ಚಾ ಬಿಳಿ ಪಿಂಗಾಣಿ ಬಟ್ಟಲಲ್ಲಿರಲಿ, ಬಣ್ಣ ಕಾಣಲು ಸ್ಟೀಲ್ ಆಗದು.

ಬಟ್ಟಲಿನ ತಳಕ್ಕೆ ಅಂಕಿ ಬರೆದ ಕಾಗದ ಅಂಟಿಸಿ. ಯಾವ ಅಂಕಿ ಯಾವ ಪುಡಿಗೆ ಎಂಬುದು ಮಾಡಿದವರಿಗೆ ಮಾತ್ರ ಗೊತ್ತಿರಲಿ, ಅವರು ಅಂದು ತೀರ್ಪು ಹೇಳುವುದು ಬೇಡ. ಪೊಟ್ಟಣದ ಬೆಲೆ ಮತ್ತು ಚಿತ್ರ ನಾಲಿಗೆಯ ಮೇಲೆ ಬಹಳ ಕೆಲಸ ಮಾಡುತ್ತವೆ.

ಮೊದಲು ಮೂಗಿಗೆ ಕೆಲಸ ಕೊಡಿ. ಒಣ ಪುಡಿಯನ್ನು ಮೂಸಿ. ಸೋಸಿದ ಮೇಲೆ ಬಿಸಿ ಚರಟವನ್ನು ಮೂಸಿ. ಪರಿಮಳ ಹೆಚ್ಚು ಸ್ಪಷ್ಟವಾಗಿ ಸಿಗುವುದು ಅಲ್ಲಿ. ಹಳಸಲು, ಮುಗ್ಗಲು, ಹೊಗೆ ವಾಸನೆ ಇದ್ದರೆ ಅದೂ ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಚಾ. ಸುಡುಸುಡು ಬೇಡ. ನಾಲಿಗೆ ಸುಟ್ಟರೆ ಆ ದಿನದ ಪರೀಕ್ಷೆ ಮುಗಿದಂತೆ. 55ರಿಂದ 60 ಡಿಗ್ರಿ ಸಾಕು, ಅಂದರೆ ಬಟ್ಟಲನ್ನು ಬರಿಗೈಯಲ್ಲಿ ಹಿಡಿದುಕೊಳ್ಳಲು ಬರುವಷ್ಟು ಬಿಸಿ. (65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಕ್ಯಾನ್ಸರ್‌ಕಾರಕ ಇರಬಹುದಾದವುಗಳ ಸಾಲಿಗೆ ಸೇರಿಸಿದೆ. ಸುಡುವ ಚಾವೇ ಬೇಕೆನ್ನುವವರು ಗಮನಿಸಿ.) ಚಮಚದಲ್ಲಿ ತೆಗೆದು ಗಾಳಿಯೊಂದಿಗೆ ಸೊರ್ ಎಂದು ಎಳೆಯಿರಿ. ಹಿರಿಯರು ಬೈದರೆ ಬೈಯಲಿ. ಚಾ ಹನಿಹನಿಯಾಗಿ ಬಾಯಿತುಂಬ ಹರಡಿ ಅದರ ಘಮ ಗಂಟಲ ಹಿಂದಿನಿಂದ ಮೂಗಿಗೆ ಏರುವುದು ಆಗಲೇ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ, ಉಗುಳಿ.

ನಾಲಿಗೆಗೆ ಖಾರ ತಾಗಿದ ಮೇಲೆ ಸೂಕ್ಷ್ಮ ಪರಿಮಳ ಸಿಗದು. ಹಾಗಾಗಿ ಸರದಿ ಹೀಗಿರಲಿ: ಸಾದಾ, ತುಳಸಿ, ಏಲಕ್ಕಿ, ಮಸಾಲಾ, ಕೊನೆಗೆ ಶುಂಠಿ. ಪುದೀನ ಇದ್ದರೆ ಶುಂಠಿಯೂ ಆದ ಮೇಲೆ ಇಡಿ, ಅದರ ತಂಪು ಬಾಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಒಂದು ಸುತ್ತಾದ ಮೇಲೆ ನಡುವಿನ ಮೂರನ್ನು ಅದಲುಬದಲು ಮಾಡಿ ಇನ್ನೊಮ್ಮೆ ನೋಡಿ. ಸರದಿ ಬದಲಾದೊಡನೆ ಅಭಿಪ್ರಾಯವೂ ಬದಲಾದರೆ ಅದು ಗಟ್ಟಿ ಅಭಿಪ್ರಾಯವಲ್ಲ. ಎರಡು ಬಟ್ಟಲ ನಡುವೆ ಉಗುರುಬೆಚ್ಚಗಿನ ನೀರು, ನಾಲ್ಕು ಕಾಳು ಉಪ್ಪಿಲ್ಲದ ಮಂಡಕ್ಕಿ. ಒಂದು ಗಂಟೆ ಮೊದಲಿನಿಂದ ಕವಳ (ಎಲೆಯಡಿಕೆ) ಬೇಡ. ಹುರಿದ ಬಂಗುಡೆ ಊಟವಾದ ಕೂಡಲೇ ಕೂರುವುದೂ ಬೇಡ.

ಮಾತಾಡುವ ಮೊದಲು ಎಲ್ಲರೂ ತಮ್ಮತಮ್ಮ ಚೀಟಿಯಲ್ಲಿ ಬರೆಯಲಿ. ಮನೆಯ ಹಿರಿಯರು "ಇದು ಲಾಯಕ್ಕಿದೆ" ಅಂದ ಮೇಲೆ ಉಳಿದವರ ನಾಲಿಗೆಗೂ ಅದೇ ಲಾಯಕ್ಕಾಗುತ್ತದೆ. ಬರೆಯಬೇಕಾದದ್ದು ಹೆಚ್ಚಿಲ್ಲ: ಘಮ ಎಷ್ಟು, ಒಗರು ಎಷ್ಟು, ಚಾ ತೆಳುವೋ ಕಡಕೋ, ಉಗುಳಿದ ಮೇಲೆ ಬಾಯಲ್ಲಿ ಏನು ಉಳಿಯಿತು. 'ಚೆನ್ನಾಗಿದೆ' ಎಂಬ ಶಬ್ದವನ್ನು ಮೊದಲ ಸುತ್ತಿನಲ್ಲಿ ಬಳಸದಿರಿ.

ನಿಮ್ಮ ಮನೆಯಲ್ಲಿ ಹಾಲಿನ ಚಾ ರೂಢಿಯಿದ್ದರೆ ಹಾಲಿನ ಸುತ್ತು ಬೇರೆ ಮಾಡಲೇಬೇಕು. 4 ಗ್ರಾಂ ಪುಡಿ, 100 ಮಿ.ಲೀ. ನೀರು, 5 ನಿಮಿಷ ಮುಚ್ಚಿಟ್ಟು ಸೋಸಿ, ಪ್ರತ್ಯೇಕ ಕಾಸಿದ ಬಿಸಿ ಹಾಲು 50 ಮಿ.ಲೀ. ಸೇರಿಸಿ. ಸಕ್ಕರೆ ಹಾಕುವುದಾದರೆ ಎಲ್ಲದಕ್ಕೂ ಸಮ ಚಮಚ, ಗುಡ್ಡೆ ಚಮಚ ಅಲ್ಲ. ಹಾಲಿನ ಕೇಸಿನ್ ಎಂಬ ಪ್ರೋಟೀನು ಚಾದ ಒಗರಿನ ಅಂಶವನ್ನು ಹಿಡಿದುಕೊಳ್ಳುತ್ತದೆ. ಬರಿ ಚಾದಲ್ಲಿ ಬಾಯಿ ಕಟ್ಟಿದಂತಾದ ಪುಡಿ ಹಾಲಿನಲ್ಲಿ ಹದಕ್ಕೆ ಬರುತ್ತದೆ, ಮೊದಲ ಸುತ್ತಿನಲ್ಲಿ ಗೆದ್ದ ನವುರಾದ ಪುಡಿ ಹಾಲಿನಲ್ಲಿ ಕಳೆದೇ ಹೋಗಬಹುದು. ಯಾವುದನ್ನು ಕೊಳ್ಳಬೇಕು ಎಂಬ ತೀರ್ಮಾನ ಹಾಲಿನ ಸುತ್ತಿನದು. ಏಕೆ ಚೆನ್ನ, ಏಕೆ ಅಲ್ಲ ಎಂಬುದು ತಿಳಿಯುವುದು ಬರಿ ಚಾದ ಸುತ್ತಿನಲ್ಲಿ.

ಪ್ರಶ್ನೆ: ಗ್ರಾಂ ತೂಗುವ ತಕ್ಕಡಿ ಇಲ್ಲ. ಚಮಚದ ಲೆಕ್ಕ ನಡೆಯುವುದಿಲ್ಲವೇ?
(ಓದುಗರು, ಯಲ್ಲಾಪುರ)

ಉತ್ತರ: ಒಂದೇ ಜಾತಿಯ ಪುಡಿಗಳ ನಡುವೆ ನಡೆದೀತು. ಗುಂಡುಗುಂಡಾದ ಸಿಟಿಸಿ ಪುಡಿಯನ್ನೂ ಎಲೆ ಸುರುಳಿಯಾಗಿರುವ ಆರ್ಥೊಡಾಕ್ಸ್ ಚಹಾವನ್ನೂ ಒಂದೇ ಚಮಚದಲ್ಲಿ ಅಳೆದರೆ ಮೋಸ. ಎಲೆ ಚಹಾ ಚಮಚದಲ್ಲಿ ಟೊಳ್ಳಾಗಿ ಕೂರುತ್ತದೆ, ತೂಕ ಬಹಳ ಕಡಿಮೆ ಬರುತ್ತದೆ. ಆಮೇಲೆ "ಎಲೆ ಚಾ ಸಪ್ಪೆ" ಎಂಬ ಮಾತು ಬರುವುದು ಇದರಿಂದಲೇ.

ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ಪ್ರತಿ ಪುಡಿಯನ್ನೂ 30 ಗ್ರಾಂ ತೂಗಿಸಿಕೊಂಡು ಬನ್ನಿ. ಮನೆಯಲ್ಲಿ ಬಿಳಿ ಕಾಗದದ ಮೇಲೆ ಉದ್ದಕ್ಕೆ ಒಂದೇ ದಪ್ಪದಲ್ಲಿ ಸುರಿದು, ಚಾಕುವಿನಿಂದ ಮೊದಲು ಎರಡು ಪಾಲು, ಪ್ರತಿ ಪಾಲನ್ನು ಮತ್ತೆ ಐದು ಪಾಲು ಮಾಡಿ. ಒಂದೊಂದು 3 ಗ್ರಾಂ ಆಯಿತು. ಸಣ್ಣಪುಟ್ಟ ವ್ಯತ್ಯಾಸ ಉಳಿಯುತ್ತದೆ, ಆದರೆ ಚಮಚದಷ್ಟಲ್ಲ. ಟೀ ಬ್ಯಾಗ್ ಹೋಲಿಸುವವರು ಪೆಟ್ಟಿಗೆಯ ಮೇಲಿನ ನಿವ್ವಳ ತೂಕವನ್ನು ಚೀಲಗಳ ಸಂಖ್ಯೆಯಿಂದ ಭಾಗಿಸಿ. 25 ಚೀಲಕ್ಕೆ 50 ಗ್ರಾಂ ಇದ್ದರೆ ಚೀಲಕ್ಕೆ 2 ಗ್ರಾಂ, ಅದಕ್ಕೆ 100 ಮಿ.ಲೀ. ನೀರು. ಪರಿಮಳದ ಚೀಲಗಳಲ್ಲಿ ತೂಕ ಇದಕ್ಕಿಂತ ಕಡಿಮೆಯೂ ಇರಬಹುದು, ನೋಡಿಯೇ ನೀರು ಹೊಯ್ಯಿರಿ.

ಪ್ರಶ್ನೆ: ಶಿರಸಿಯ ತಂಗಿಯ ಮನೆಯಲ್ಲಿ ಕುಡಿದ ಏಲಕ್ಕಿ ಚಾ ಬಹಳ ರುಚಿ ಇತ್ತೆಂದು ಅದೇ ಪುಡಿ ತಂದೆ. ನಮ್ಮಲ್ಲಿ ಆ ರುಚಿ ಬರುವುದೇ ಇಲ್ಲ. ಅಲ್ಲಿ ಎತ್ತರದ ಜಾಗ ಆದ್ದರಿಂದ ನೀರು ಬೇರೆ ಥರ ಕುದಿಯುತ್ತದೆ ಅನ್ನುತ್ತಾರೆ. ಹೌದೇ?
(ಓದುಗರು, ಅಂಕೋಲಾ)

ಉತ್ತರ: ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು ಹೆಚ್ಚುಕಡಿಮೆ 98 ಡಿಗ್ರಿಗೆ, ನಿಮ್ಮಲ್ಲಿ 100ಕ್ಕೆ. ಎರಡು ಡಿಗ್ರಿಯಿಂದ ಅಷ್ಟು ಅಂತರ ಬರಲಾರದು. ಎತ್ತರವನ್ನು ಬಿಡಿ, ಬಾವಿಯನ್ನು ನೋಡಿ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಕಡೆಯ ಊರುಗಳಲ್ಲಿ ಬೇಸಿಗೆಗೆ ಹೊಳೆ ಇಳಿದಂತೆ ಉಪ್ಪುನೀರು ಒಳಗೆ ಬರುತ್ತದೆ, ಬಾವಿಗಳಿಗೂ ಅದರ ಸೊಂಕು ತಾಗುತ್ತದೆ. ಬರಿ ನೀರು ಕುಡಿದಾಗ ಗೊತ್ತಾಗದಷ್ಟು ಉಪ್ಪಿದ್ದರೂ ಚಾದ ಒಗರು, ಘಮ ಎರಡೂ ಮಂಕಾಗುತ್ತವೆ. ಇನ್ನೊಂದು ಕಬ್ಬಿಣ. ಕೊಡದ ಒಳಗೆ ಕೆಂಪು ಕಲೆ ಕೂರುವ ನೀರಾದರೆ ಕಬ್ಬಿಣವು ಚಾದ ಒಗರಿನ ಅಂಶದೊಂದಿಗೆ ಸೇರಿ ಬಣ್ಣ ಕಪ್ಪಗಾಗುತ್ತದೆ, ಬಾಯಲ್ಲಿ ಲೋಹದ ರುಚಿ ಉಳಿಯುತ್ತದೆ. ಗಡಸು ನೀರಾದರೆ ತಣಿಯುತ್ತಿದ್ದಂತೆ ಚಾದ ಮೇಲೆ ಎಣ್ಣೆಯಂಥ ತೆಳು ಪರೆ ಕಟ್ಟುತ್ತದೆ. ಅದು ಎಣ್ಣೆಯಲ್ಲ, ನೀರಿನ ಸುಣ್ಣದ ಅಂಶ ಚಾದ ಅಂಶಗಳೊಂದಿಗೆ ಸೇರಿ ಆದದ್ದು. ಪರೆ ಕಟ್ಟಿದ ಚಾಕ್ಕೆ ಪುಡಿಯನ್ನು ದೂರಬೇಡಿ.

ಪರೀಕ್ಷೆ ಸುಲಭ. ಪರಿಮಳವಿಲ್ಲದ ಸಾದಾ ಪುಡಿ 3 ಗ್ರಾಂ ನಿಮ್ಮ ಬಾವಿ ನೀರಿನಲ್ಲಿ, 3 ಗ್ರಾಂ ತಂಗಿಯ ಮನೆಯಿಂದ ಬಾಟಲಿಯಲ್ಲಿ ತಂದ ನೀರಿನಲ್ಲಿ ಮಾಡಿ ಪಕ್ಕಪಕ್ಕ ಇಡಿ. ಬಣ್ಣದಲ್ಲೇ ಉತ್ತರ ಸಿಕ್ಕೀತು. ಫಿಲ್ಟರ್ ನೀರಿನಲ್ಲಿ ಮೂರನೆಯದನ್ನೂ ಮಾಡಿ ನೋಡಬಹುದು. ಆರ್‌ಒ ನೀರಿನಲ್ಲಿ ಖನಿಜ ತೀರಾ ಕಡಿಮೆ ಇರುವುದರಿಂದ ಚಾ ತಿಳಿಯಾಗಿ ಹೊಳೆಯುತ್ತದೆ, ಒಗರು ಮಾತ್ರ ಸ್ವಲ್ಪ ಚುರುಕು. ಅದು ದೋಷವಲ್ಲ, ಆದರೆ ಒಂದು ಬಟ್ಟಲಿಗೆ ಬಾವಿ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು ಹಾಕಿ ಪುಡಿಗಳನ್ನು ಹೋಲಿಸುವುದು ಮಾತ್ರ ಬೇಡ.

ಪ್ರಶ್ನೆ: ಪೊಟ್ಟಣ ಒಡೆದಾಗ ಏಲಕ್ಕಿ ಘಮ ಮೂಗಿಗೆ ಹೊಡೆಯುತ್ತದೆ, ಕುದಿಸಿದರೆ ಬಟ್ಟಲಲ್ಲಿ ಏನೂ ಇಲ್ಲ. ಮನೆಯ ತೋಟದ ಏಲಕ್ಕಿಯಲ್ಲೇ ಮಾಡಿಕೊಳ್ಳಬಹುದೇ? ಪ್ರಮಾಣ ತಿಳಿಸಿ.
(ಓದುಗರು, ಸಿದ್ದಾಪುರ)

ಉತ್ತರ: ಏಲಕ್ಕಿಯ ಘಮಕ್ಕೆ ಮುಖ್ಯವಾಗಿ ಎರಡು ಅಂಶ ಕಾರಣ: ಸಿನಿಯೋಲ್, ಆಲ್ಫಾ ಟರ್ಪಿನೈಲ್ ಅಸಿಟೇಟ್. ಮೊದಲನೆಯದು ನೀಲಗಿರಿ ಎಣ್ಣೆಯಲ್ಲೂ ಇರುವ ತಂಪು ಚುರುಕು, ಎರಡನೆಯದು ಹೂವಿನಂಥ ಸಿಹಿ. ಎರಡೂ ಹಬೆಯೊಡನೆ ಹಾರಿಹೋಗುತ್ತವೆ. ಪೊಟ್ಟಣದ ಪುಡಿಗೆ ಪರಿಮಳದ ಎಣ್ಣೆಯನ್ನಷ್ಟೇ ಸಿಂಪಡಿಸಿದ್ದರೆ ಅದು ಹರಳಿನ ಮೇಲ್ಮೈಯಲ್ಲೇ ಕೂತಿರುತ್ತದೆ, ಎರಡು ನಿಮಿಷ ಕುದಿಸುವುದರೊಳಗೆ ಖಾಲಿ. ಮನೆತುಂಬ ಘಮ ಬಂತೆಂದರೆ ಅಷ್ಟೂ ಬಟ್ಟಲಿನಿಂದ ಹೋಯಿತೆಂದೇ ಲೆಕ್ಕ. ಇಂಥ ಪುಡಿಯನ್ನು ಕುದಿಸಬಾರದು. ನೀರು, ಹಾಲು ಕುದಿದ ಮೇಲೆ ಒಲೆ ಆರಿಸಿ, ಪುಡಿ ಹಾಕಿ, ಮುಚ್ಚಿ 4 ನಿಮಿಷ ಬಿಡಿ.

ಕೊಳ್ಳುವಾಗ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದಿ. ಪದಾರ್ಥಗಳ ಸಾಲಿನಲ್ಲಿ ಏಲಕ್ಕಿ ಇಷ್ಟು ಶೇಕಡಾ ಎಂದಿದೆಯೋ, ಬರೀ 'ಪರಿಮಳ' ಎಂದಿದೆಯೋ ನೋಡಿ. ಪರಿಮಳ ಸೇರಿಸಿದ ಚಹಾ ಎಂದು ಲೇಬಲ್ ಮೇಲೆ ಹೇಳಲೇಬೇಕು ಎಂಬ ನಿಯಮ ನಮ್ಮ ದೇಶದಲ್ಲಿದೆ. ಮುಂಭಾಗದ ಏಲಕ್ಕಿ ಚಿತ್ರ ಪುರಾವೆಯಲ್ಲ.

ಮನೆಯಲ್ಲಿ ಮಾಡುವುದಾದರೆ 100 ಗ್ರಾಂ ಸಾದಾ ಸಿಟಿಸಿ ಪುಡಿಗೆ 4 ಗ್ರಾಂ ಏಲಕ್ಕಿ, ಅಂದರೆ ಮಧ್ಯಮ ಗಾತ್ರದ ಸುಮಾರು 20 ಕಾಯಿ. ಕಾಯಿ ಹೊಸ ಹಂಗಾಮಿನದಾಗಿರಲಿ. ಒಂದನ್ನು ಬಿಡಿಸಿ ನೋಡಿ, ಕಾಳು ಕಪ್ಪಗಿದ್ದು ಬೆರಳಿಗೆ ಅಂಟಬೇಕು. ಕಾಳು ಪೇಲವವಾಗಿ ಉದುರುದುರಾಗಿದ್ದರೆ ಪಾಯಸಕ್ಕೂ ಬೇಡ. ಕಾಯಿಗಳನ್ನು ಬಿಸಿಲಲ್ಲಿ ಎರಡು ತಾಸು ಗರಿಗರಿ ಮಾಡಿ. ಹುರಿಯಬೇಡಿ. ಒಂದು ಚಮಚ ಚಾಪುಡಿಯ ಜೊತೆ ಸಿಪ್ಪೆಸಹಿತ ಕುಟ್ಟಿ. ಚಾಪುಡಿ ಸೇರಿಸುವುದು ಕಾಳಿನಿಂದ ಹೊರಬರುವ ಎಣ್ಣೆ ಕಲ್ಲಿಗೆ ಮೆತ್ತಿಹೋಗದೆ ಪುಡಿಯಲ್ಲೇ ಉಳಿಯಲೆಂದು. ತರಿತರಿಯಾಗಿ ಕುಟ್ಟಿದರೆ ಸಾಕು, ಹಿಟ್ಟು ಮಾಡಿದರೆ ಜಾಲರಿಯಿಂದ ಇಳಿದು ತಳದ ಗುಟುಕು ಕಹಿಯಾಗುತ್ತದೆ. ಉಳಿದ ಪುಡಿಗೆ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ತಲೆವರೆಗೆ ತುಂಬಿ ಮೂರು ದಿನ ಮುಟ್ಟಬೇಡಿ. ತಿಂಗಳೊಳಗೆ ಮುಗಿಸಿ.

4 ಗ್ರಾಂ ಎಂಬುದು ಶುರುವಿಗೆ. 25 ಗ್ರಾಂ ಪುಡಿಗೆ ಅರ್ಧ ಗ್ರಾಂ, ಒಂದು ಗ್ರಾಂ, ಒಂದೂವರೆ ಗ್ರಾಂ ಎಂದು ಮೂರು ಸಣ್ಣ ಡಬ್ಬಿ ಮಾಡಿ ಹಾಲಿನಲ್ಲಿ ಹೋಲಿಸಿದರೆ ನಿಮ್ಮ ಮನೆಯ ಹದ ಸಿಗುತ್ತದೆ. ಹಾಲಿನ ಕೊಬ್ಬು ಏಲಕ್ಕಿ ಘಮವನ್ನು ಹಿಡಿದಿಡುವುದರಿಂದ ಬರಿ ಚಾದ ಹದ ಹಾಲಿನ ಚಾಕ್ಕೆ ಹೊಂದುವುದಿಲ್ಲ. ಒಂದೂವರೆ ಗ್ರಾಂ ದಾಟಿದರೆ ಚಾ ಹೋಗಿ ಕಷಾಯದ ಕಡೆ ವಾಲುತ್ತದೆ, ನಮಗಂತೂ ಅದು ಹೆಚ್ಚು.

ಪ್ರಶ್ನೆ: ಶುಂಠಿ ಚಾ ಮಾಡಿದರೆ ಹಾಲು ಒಡೆಯುತ್ತದೆ. ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಹಾಕಿದ ದಿನವೂ ಹಾಗೇ. ಹಾಲು ಕೆಟ್ಟಿರಲಿಲ್ಲ.
(ಓದುಗರು, ಕುಮಟಾ)

ಉತ್ತರ: ಎರಡಕ್ಕೂ ಕಾರಣ ಬೇರೆ. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವವಿದೆ, ಹೆಸರು ಝಿಂಜಿಬೇನ್. ಬಿಸಿ ಹಾಲಿಗೆ ಹಸಿ ಶುಂಠಿ ರಸ ಬಿದ್ದರೆ ಹಾಲು ಗರಣೆಗಟ್ಟುತ್ತದೆ. ಚೀನಾದ ದಕ್ಷಿಣದಲ್ಲಿ ಹೀಗೆ ಬೇಕೆಂದೇ ಗರಣೆಗಟ್ಟಿಸಿ ಸಿಹಿ ತಿನಿಸು ಮಾಡುತ್ತಾರೆ. ಕುದಿಯುವ ಬಿಸಿಗೆ ಕಿಣ್ವ ನಿಷ್ಕ್ರಿಯವಾಗುತ್ತದೆ. ಎರಡು ಬಟ್ಟಲಿಗೆ 5 ಗ್ರಾಂ ಶುಂಠಿ ಜಜ್ಜಿ ಮೊದಲು ನೀರಿನಲ್ಲಿ 3ರಿಂದ 4 ನಿಮಿಷ ಚೆನ್ನಾಗಿ ಕುದಿಸಿ, ಆಮೇಲೆ ಪುಡಿ, ಕೊನೆಗೆ ಹಾಲು. ಹಾಲು ಹಾಕಿದ ಮೇಲೆ ಶುಂಠಿ ತುರಿಯುವ ಅಭ್ಯಾಸ ಬಿಡಬೇಕು.

ಬೆಲ್ಲದಲ್ಲಿ ಅಲ್ಪಸ್ವಲ್ಪ ಹುಳಿ ಇದ್ದೇ ಇರುತ್ತದೆ. ಜೋನಿ ಹಳತಾದಂತೆ ಹುಳಿ ಏರುತ್ತದೆ. ಕುದಿಯುವ ಹಾಲಿಗೆ ಹಾಕಿದರೆ ಒಡೆಯಲು ಅಷ್ಟು ಸಾಕು. ಒಲೆಯಿಂದ ಇಳಿಸಿ, ಬಟ್ಟಲಿಗೆ ಸೋಸಿ, ಒಂದು ನಿಮಿಷ ಬಿಟ್ಟು ಜೋನಿ ಬೆರೆಸಿ. ಬೆಳಗಿನ ಹಾಲನ್ನು ಸಂಜೆ ಬಳಸುವ ದಿನ ಜೋನಿಯ ಗೊಡವೆ ಬೇಡ. ಹೋಲಿಕೆಯ ಸುತ್ತಿನಲ್ಲಂತೂ ಬೆಲ್ಲ ಬೇಡವೇ ಬೇಡ, ಅದರ ಘಮ ಪರಿಮಳದ ಪುಡಿಯ ಮೇಲೆ ಕೂತುಬಿಡುತ್ತದೆ.

ಹಸಿ ಶುಂಠಿಗೂ ಒಣಶುಂಠಿ ಬೆರೆಸಿದ ಪೊಟ್ಟಣಕ್ಕೂ ಹೋಲಿಕೆ ಮಾಡುವವರಿಗೆ ಒಂದು ಮಾತು. ಒಣಗುವಾಗ ಶುಂಠಿಯ ಜಿಂಜೆರಾಲ್‌ನಲ್ಲಿ ಒಂದಂಶ ಶೊಗಾಲ್ ಆಗುತ್ತದೆ, ಅದರ ಖಾರ ಹೆಚ್ಚು. ನಿಂಬೆಯಂಥ ತಾಜಾ ಘಮ ಇರುವುದು ಹಸಿಯದರಲ್ಲಿ. ಖಾರಕ್ಕೆ ಒಣದು, ಘಮಕ್ಕೆ ಹಸಿಯದು. ಒಂದೇ ಅಂಕಪಟ್ಟಿಯಲ್ಲಿ ಅವು ಕೂರುವುದಿಲ್ಲ.

ಪ್ರಶ್ನೆ: ಎರಡು ಮಸಾಲಾ ಚಾಗಳ ನಡುವೆ ನನಗೆ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮನೆಯವರು "ಎಲ್ಲ ನಿನ್ನ ಭ್ರಮೆ" ಅನ್ನುತ್ತಾರೆ. ಸಾಬೀತು ಮಾಡುವ ದಾರಿ ಇದೆಯೇ?
(ಓದುಗರು, ಹೊನ್ನಾವರ)

ಉತ್ತರ: ಇದೆ. ಅವರೇ ಚಾ ಮಾಡಲಿ. ಮೂರು ಬಟ್ಟಲು: ಎರಡರಲ್ಲಿ ಒಂದೇ ಪುಡಿಯ ಚಾ, ಮೂರನೆಯದರಲ್ಲಿ ಇನ್ನೊಂದರದು. ಬೇರೆಯದು ಯಾವುದು ಎಂದು ನೀವು ಗುರುತಿಸಬೇಕು. ಊಹೆಯಿಂದ ಸರಿ ಹೇಳುವ ಸಾಧ್ಯತೆ ಮೂರರಲ್ಲಿ ಒಂದು, ಆದ್ದರಿಂದ ಒಂದು ಸಲ ಗೆದ್ದರೆ ಏನೂ ಆಗಲಿಲ್ಲ. ಆರು ಸಲ ಮಾಡಿ. ಬರೀ ಊಹಿಸುವವರು ಆರರಲ್ಲಿ ಐದು ಅಥವಾ ಹೆಚ್ಚು ಸರಿ ಹೇಳುವ ಸಾಧ್ಯತೆ ನೂರಕ್ಕೆ ಎರಡರಷ್ಟೂ ಇಲ್ಲ. ನಾಲ್ಕು ಸರಿಯಾದರೆ ವಾದ ಮುಗಿಯದು, ನಾಲ್ಕು ಅಥವಾ ಹೆಚ್ಚು ಸರಿಯಾಗುವುದು ಊಹೆಯಿಂದಲೂ ನೂರಕ್ಕೆ ಹತ್ತು ಸಲ ಆಗಬಹುದು. ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ.

ಮೋಸ ಆಗುವುದು ಸಣ್ಣ ವಿಷಯದಲ್ಲಿ. ಬೇರೆಯ ಚಾ ಯಾವಾಗಲೂ ಕೊನೆಗೆ ಹೊಯ್ದದ್ದಾದರೆ ಅದರ ಬಿಸಿಯೇ ಗುಟ್ಟು ಬಿಟ್ಟುಕೊಡುತ್ತದೆ. ಬಣ್ಣ ಬೇರೆಯಿದ್ದರೆ ಕಣ್ಣು ಮುಚ್ಚಿಕೊಳ್ಳಿ. ಯಾವ ಬಟ್ಟಲು ಬೇರೆ ಎಂಬುದನ್ನು ಪ್ರತಿ ಸಲ ಚೀಟಿ ಎತ್ತಿ ನಿರ್ಧರಿಸಲಿ, ಮನಸ್ಸಿಗೆ ಬಂದಂತೆ ಇಟ್ಟರೆ ಮಧ್ಯದ ಬಟ್ಟಲಿಗೇ ಮತ್ತೆಮತ್ತೆ ಕೈ ಹೋಗುತ್ತದೆ.

ಪ್ರಶ್ನೆ: ಮಾರ್ಚ್ ಬಂದರೆ ಅಂಗಳದ ಮಲ್ಲಿಗೆ ಕೊಯ್ದು ಮುಗಿಯುವುದಿಲ್ಲ. ಮಲ್ಲಿಗೆ ಚಹಾ ಮನೆಯಲ್ಲಿ ಮಾಡಿ, ಕೊಂಡು ತಂದದ್ದರೊಡನೆ ಹೋಲಿಸಬೇಕೆಂದಿದೆ. ಒಣಗಿದ ಹೂವನ್ನು ಪುಡಿಗೆ ಬೆರೆಸಿದರೆ ಆಯಿತೇ?
(ಓದುಗರು, ಭಟ್ಕಳ)

ಉತ್ತರ: ಆಗದು. ಒಣಗಿದ ಹೂವಿನಲ್ಲಿ ಘಮ ಉಳಿದಿರುವುದಿಲ್ಲ. ಕೊಂಡ ಪೊಟ್ಟಣದಲ್ಲಿ ಕಾಣುವ ಒಣ ಹೂ ಹೆಚ್ಚಾಗಿ ಅಂದಕ್ಕೆ. ಚೀನಾದ ಕ್ರಮದಲ್ಲಿ ಅರಳುತ್ತಿರುವ ಹೂವಿನ ಪಕ್ಕ ಒಣ ಎಲೆಯನ್ನಿಟ್ಟು ಘಮ ಕುಡಿಸುತ್ತಾರೆ, ಬೆಳಗಾದ ಮೇಲೆ ಹೂವನ್ನು ತೆಗೆದುಹಾಕುತ್ತಾರೆ. ನಮ್ಮ ಕರಾವಳಿಯ ದಂಡೆ ಕಟ್ಟುವ ಮಲ್ಲಿಗೆಯೂ ಅಲ್ಲಿ ಬಳಸುವುದೂ ಒಂದೇ ಜಾತಿ, ಜಾಸ್ಮಿನಮ್ ಸಾಂಬಾಕ್. ಸಂಜೆ ಮೇಲೆ ಅರಳುವ ಹೂವಾದ್ದರಿಂದ ಕೆಲಸವೂ ರಾತ್ರಿಯದು.

ಔಷಧಿ ಹೊಡೆಯದ ಮನೆಯ ಹೂವೇ ಆಗಬೇಕು. ಪೇಟೆಯ ದಂಡೆ ಎರಡು ಕಾರಣಕ್ಕೆ ಬೇಡ: ಗಿಡಕ್ಕೆ ಕೀಟನಾಶಕ ಸಿಂಪಡಿಸಿರುತ್ತಾರೆ, ಬಾಡದಿರಲೆಂದು ದಂಡೆಗೆ ನೀರು ಚಿಮುಕಿಸಿರುತ್ತಾರೆ. ಮಲ್ಲಿಗೆ ಎಂದು ಕಂಡದ್ದನ್ನೆಲ್ಲ ಬಳಸಬೇಡಿ, ರಾತ್ರಿರಾಣಿ ಗಿಡ ವಿಷದ್ದು.

ಮಧ್ಯಾಹ್ನದ ಬಿಸಿಲಿಗೆ ಇಬ್ಬನಿ ಪೂರ್ತಿ ಆರಿದ ಮೇಲೆ ಬೆಳ್ಳಗೆ ಉಬ್ಬಿದ, ಅಂದೇ ರಾತ್ರಿ ಅರಳಲಿರುವ ಮೊಗ್ಗು ಕೊಯ್ಯಿರಿ. ಹಸಿರು ಬಣ್ಣ ಉಳಿದಿರುವ ಮೊಗ್ಗು ಅರಳುವುದಿಲ್ಲ. 50 ಗ್ರಾಂ ಹಸಿರು ಚಹಾಕ್ಕೆ 25 ಗ್ರಾಂ ಮೊಗ್ಗು. ಎಲೆ ಚಹಾ ಆಗಬೇಕು, ಸಿಟಿಸಿಯ ಸ್ವಂತ ಕಡಕು ಮಲ್ಲಿಗೆಯನ್ನು ಮುಚ್ಚಿಬಿಡುತ್ತದೆ. ಅಗಲ ಪಾತ್ರೆಯಲ್ಲಿ ಒಂದು ಪದರ ಎಲೆ, ಒಂದು ಪದರ ಮೊಗ್ಗು ಹಾಸಿ ತೆಳು ಬಟ್ಟೆ ಕಟ್ಟಿ. ಬಿಗಿ ಮುಚ್ಚಳ ಹಾಕಿದರೆ ಹೂ ಬೆವರಿ ಎಲೆ ಒದ್ದೆಯಾಗುತ್ತದೆ. ಮಲಗುವ ಮೊದಲು ಒಮ್ಮೆ ಕೈಯಾಡಿಸಿ, ಅರಳುವ ಹೂವಿನ ರಾಶಿ ಒಳಗೆ ಬಿಸಿಯಾಗುತ್ತದೆ. ಬೆಳಗ್ಗೆ ಬೇಗ ಎದ್ದು ಹೂ ಆರಿಸಿ. ಇಲ್ಲಿ ಸೋಮಾರಿತನ ಮಾಡಿದರೆ ಕಂದಿದ ಹೂವಿನ ಹುಳಿವಾಸನೆ ಎಲೆಗೆ ಹತ್ತುತ್ತದೆ, ಮತ್ತೆ ಹೋಗುವುದಿಲ್ಲ.

ಈಗ ಎಲೆ ಹೂವಿನ ತೇವ ಕುಡಿದು 50 ಗ್ರಾಂಗಿಂತ ಹೆಚ್ಚು ತೂಗುತ್ತದೆ. ಮತ್ತೆ 50 ಗ್ರಾಂಗೆ ಇಳಿಯುವವರೆಗೆ ಒಣಗಿಸಬೇಕು: ಓವನ್ ಇದ್ದರೆ 70ರಿಂದ 80 ಡಿಗ್ರಿ, ಬಾಗಿಲು ಸಂದು ಬಿಟ್ಟು; ಇಲ್ಲದಿದ್ದರೆ ದಪ್ಪ ಕಾವಲಿಯ ಮೇಲೆ ಸ್ಟೀಲ್ ತಟ್ಟೆ ಇಟ್ಟು ಅತಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ. ನಿಮಿಷದ ಲೆಕ್ಕ ನಂಬಬೇಡಿ, ತೂಕ ನಂಬಿ. ತೇವ ಉಳಿದರೆ ವಾರದಲ್ಲಿ ಮುಗ್ಗುತ್ತದೆ. ಉರಿ ಹೆಚ್ಚಾದರೆ ರಾತ್ರಿಯ ಕೆಲಸವೆಲ್ಲ ಹಬೆಯಾಗಿ ಹೋಗುತ್ತದೆ. ಒಂದು ರಾತ್ರಿಯ ಎಲೆ ಮೇಲುಮೇಲಿನ ಘಮ ಕೊಡುತ್ತದೆ. ಹೊಸ ಮೊಗ್ಗಿನೊಡನೆ ಇನ್ನೆರಡು ರಾತ್ರಿ ಮಾಡಿದರೆ ಚಾ ನುಂಗಿದ ಮೇಲೂ ಘಮ ಉಳಿಯುತ್ತದೆ.

ಹೋಲಿಸುವಾಗ ಕುದಿಯುವ ನೀರು ಬೇಡ. ಮೂರು ಲೋಟ ಕುದಿಯುವ ನೀರಿಗೆ ಒಂದು ಲೋಟ ಸಾದಾ ನೀರು ಸೇರಿಸಿದರೆ 80 ಡಿಗ್ರಿ ಆಸುಪಾಸು ಬರುತ್ತದೆ. 150 ಮಿ.ಲೀ. ನೀರಿಗೆ 3 ಗ್ರಾಂ ಎಲೆ, 3 ನಿಮಿಷ. ಸೋಸಿ, ಅದೇ ಎಲೆಗೆ ಎರಡನೇ ಸಲ ನೀರು ಹೊಯ್ಯಿರಿ. ಕೃತಕ ಪರಿಮಳ ಸಿಂಪಡಿಸಿದ ಚಹಾ ಮೊದಲ ಬಟ್ಟಲಲ್ಲೇ ಎಲ್ಲ ಕೊಟ್ಟು ಎರಡನೆಯದರಲ್ಲಿ ಬರಿದಾಗುವುದು ಹೆಚ್ಚು. ಹೂವಿನಿಂದ ಘಮ ಕುಡಿದದ್ದು ಎರಡನೆಯದರಲ್ಲೂ ಸ್ವಲ್ಪ ಉಳಿಸಿಕೊಂಡಿರುತ್ತದೆ.

ಪ್ರಶ್ನೆ: ಬಣ್ಣ ಕಡು ಬಂದರೆ ಪುಡಿ ಒಳ್ಳೆಯದು ಅಂತಲೇ ಅಲ್ಲವೇ?
(ಓದುಗರು, ಮುಂಡಗೋಡ)

ಉತ್ತರ: ಅಲ್ಲ. ಪುಡಿ ಸಣ್ಣದಾದಷ್ಟೂ ಬಣ್ಣ ಬೇಗ ಬಿಡುತ್ತದೆ, ಅಷ್ಟೇ. ತಣ್ಣೀರಿನಲ್ಲಿ ಹಾಕಿದ ಕೂಡಲೇ ಕೆಂಪು ಎಳೆ ಇಳಿದರೆ ಅನುಮಾನ ಪಡಿ. ಸೋಸುಕಾಗದದ ಮೇಲೆ ಚಿಟಿಕೆ ಪುಡಿ ಹರಡಿ, ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟು, ನಲ್ಲಿಯ ಕೆಳಗೆ ತೊಳೆದು ಬೆಳಕಿಗೆ ಹಿಡಿಯಿರಿ. ಕಲೆ ಉಳಿದರೆ ಬಣ್ಣ ಬೆರೆಸಿದ್ದಾರೆ. ಬರಿ ಚಾಕ್ಕೆ ನಿಂಬೆ ಹಿಂಡಿದಾಗ ಬಣ್ಣ ತಿಳಿಯಾಗುವುದು ಮಾತ್ರ ಸಹಜ, ಹುಳಿಗೆ ಚಾದ ಬಣ್ಣ ಹಾಗೆ ಬದಲಾಗುತ್ತದೆ.

ಪ್ರಶ್ನೆ: ಮಜ್ಜಿಗೆಹುಲ್ಲು (ನಿಂಬೆಹುಲ್ಲು), ಮುರುಗಲು (ಕೋಕಂ) ಸಿಪ್ಪೆ, ಕಷಾಯಪುಡಿ ಇವನ್ನೂ ಪರಿಮಳದ ಚಹಾಗಳ ಸಾಲಿನಲ್ಲಿಟ್ಟು ಹೋಲಿಸಬಹುದೇ?
(ಓದುಗರು, ಶಿರಸಿ)

ಉತ್ತರ: ಚಾಪುಡಿಗೆ ಮಜ್ಜಿಗೆಹುಲ್ಲು ಸೇರಿಸಿದ್ದಾದರೆ ಧಾರಾಳವಾಗಿ. 150 ಮಿ.ಲೀ.ಗೆ ಬೆರಳುದ್ದದ ಎರಡು ತುಂಡು ಹುಲ್ಲನ್ನು ಗಂಟುಕಟ್ಟಿ ಜಜ್ಜಿ ಹಾಕಿ. ನಿಂಬೆಯ ಘಮ ಇರುತ್ತದೆ, ಹುಳಿ ಇರುವುದಿಲ್ಲ, ಹಾಲೂ ಒಡೆಯುವುದಿಲ್ಲ. ನಿಂಬೆ ಚಾವನ್ನು ಹಾಲಿನೊಂದಿಗೆ ಬಯಸುವವರಿಗೆ ಇದೊಂದು ದಾರಿ.

ಮುರುಗಲು ಮತ್ತು ಕಷಾಯಪುಡಿಯಲ್ಲಿ ಚಾ ಗಿಡದ ಎಲೆಯೇ ಇಲ್ಲ. ಚಾದ ಒಗರೂ ಇಲ್ಲ, ಕೆಫೀನೂ ಇಲ್ಲ. ಒಂದೇ ಅಂಕಪಟ್ಟಿಯಲ್ಲಿ ಅವಕ್ಕೆ ಅನ್ಯಾಯವಾಗುತ್ತದೆ. ಬೇರೆಯೇ ಸುತ್ತು ಮಾಡಿ: ಮುರುಗಲಿನಲ್ಲಿ ಹುಳಿ ಮತ್ತು ಬಣ್ಣ, ಕಷಾಯದಲ್ಲಿ ಕೊತ್ತಂಬರಿ ಮುಂದೋ ಜೀರಿಗೆ ಮುಂದೋ ಎಂದು ನೋಡಿ. ಮುರುಗಲಿಗೆ ಹಾಲು ತಾಗಿಸಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಎಲ್ಲ ಪರಿಮಳದ ಪುಡಿಗಳೂ ಒಂದೇ ವಾಸನೆ ಬರುತ್ತವೆ. ಹೋಲಿಸಲು ತೆರೆದಿಟ್ಟ ಅರ್ಧರ್ಧ ಪೊಟ್ಟಣಗಳನ್ನು ಏನು ಮಾಡಬೇಕು?
(ಓದುಗರು, ಗೋಕರ್ಣ)

ಉತ್ತರ: ಮಲ್ಲಿಗೆಯ ಘಮವನ್ನು ಎಲೆ ಹೇಗೆ ಕುಡಿಯುತ್ತದೋ ಒಣಮೀನಿನದನ್ನೂ ಹಾಗೇ ಕುಡಿಯುತ್ತದೆ. ಒಂದೇ ಕಪಾಟಿನಲ್ಲಿ ಒಣ ಸಿಗಡಿ, ಸಾಂಬಾರುಪುಡಿ, ನಾಲ್ಕು ಪೊಟ್ಟಣ ಚಾ ಇದ್ದರೆ ಆಗಸ್ಟ್ ಹೊತ್ತಿಗೆ ಎಲ್ಲದರ ವಾಸನೆ ಎಲ್ಲದಕ್ಕೂ ಹತ್ತಿರುತ್ತದೆ. ಕ್ಲಿಪ್ ಹಾಕಿದ ಪೊಟ್ಟಣ, ರಬ್ಬರ್ ಬ್ಯಾಂಡ್ ಮಳೆಗಾಲಕ್ಕೆ ಸಾಲದು. ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ, ತಲೆವರೆಗೆ ತುಂಬಿ. ಅರ್ಧ ಖಾಲಿ ಡಬ್ಬಿಯಲ್ಲಿ ಉಳಿದರ್ಧ ಒದ್ದೆ ಗಾಳಿ. ಚಮಚ ಒಣಗಿರಲಿ, ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸಿ ಪುಡಿ ಸುರಿಯಬೇಡಿ. ಹಬೆ ನೇರ ಒಳಗೆ ಹೋಗುತ್ತದೆ. ಫ್ರಿಜ್‌ನಲ್ಲೂ ಇಡಬೇಡಿ, ಹೊರತೆಗೆದ ತಣ್ಣನೆಯ ಡಬ್ಬಿ ತೆರೆದ ಕೂಡಲೇ ಪುಡಿಯ ಮೇಲೆ ನೀರು ಕೂರುತ್ತದೆ.

ಸಪ್ಪೆಯಾದರೂ ಮುಗ್ಗಿಲ್ಲದ ಪುಡಿಯನ್ನು ಕಾವಲಿಯ ಮೇಲೆ ಬೆಚ್ಚಗೆ ಮಾಡಿದರೆ ತೇವ ಹೋಗುತ್ತದೆ. ಹೋದ ಪರಿಮಳ ಬರುವುದಿಲ್ಲ. ಅದನ್ನು ಸಾದಾ ಪುಡಿ ಎಂದೇ ಲೆಕ್ಕ ಹಿಡಿದು ಹಸಿ ಶುಂಠಿ ಹಾಕಿ ಮುಗಿಸಿ. ಶುಂಠಿ, ಮಸಾಲಾ, ಏಲಕ್ಕಿಯ ಉಳಿಕೆಗಳನ್ನು ಒಟ್ಟು ಸೇರಿಸಬಹುದು. ಪುದೀನ ಮತ್ತು ತುಳಸಿಯ ಉಳಿಕೆಯನ್ನು ಅದಕ್ಕೆ ಬೆರೆಸಿದರೆ ಕೆಮ್ಮಿನ ಔಷಧಿಯ ರುಚಿ ಬರುತ್ತದೆ, ಅದನ್ನು ಹಾಲಿಲ್ಲದೆ ಬೇರೆಯೇ ಮಾಡಿ ಕುಡಿಯಿರಿ. ಬೂಷ್ಟು ಹಿಡಿದಿದ್ದರೆ ಯಾವ ಉಪಾಯವೂ ಬೇಡ, ಎಸೆಯಿರಿ.